ನಡು ತಗ್ಗಿದ ಮಾಡು

ಅಪಘಾತವನ್ನೇ ಹಗಲಿರುಳು ಧ್ಯಾನಿಸಿದ ಎಂಜಿನಿಯರ್ ಒಬ್ಬರು, ಬಟಾಬಯಲಿಗೆ ತೆರೆದುಕೊಂಡು ಓಡುವ ಕಾರೊಂದರ ಚೆಲುವಿಗೂ ಕಾರಣರಾದದ್ದು ನನಗೆ ಇವತ್ತಿಗೂ ಬೆರಗು. ಅವರ ಹೆಸರು ಬೇಲಾ ಬರೇನಿ. ಕಾರು, 1963ರ ಜಿನೀವಾ ಪ್ರದರ್ಶನದಲ್ಲಿ ಮೊದಲು ಕಾಣಿಸಿಕೊಂಡ ಮರ್ಸಿಡಿಸ್ ಬೆಂಜ್ 230 ಎಸ್‌ಎಲ್. ಅದರ ಮೈಯ ಗೆರೆಗಳನ್ನು ಎಳೆದವರು ಫ್ರಾನ್ಸಿನ ಪಾಲ್ ಬ್ರಾಕ್. ಬರೇನಿಯವರ ಕೈ ಕಾಣುವುದು ಮಾಡಿನಲ್ಲಿ.

ಮಾಡು ಎಂದರೆ ನಡುವೆ ಎತ್ತರ, ಅಂಚಿಗೆ ಇಳಿಜಾರು ಎಂದು ನಮ್ಮ ಕಣ್ಣಿಗೆ ರೂಢಿ. ಇಲ್ಲಿ ಅದು ತಿರುವುಮುರುವು. ಬಿಚ್ಚಿ ಇಳಿಸಬಹುದಾದ ಲೋಹದ ಮಾಡು ನಡುವೆ ತಗ್ಗಿ ಎರಡೂ ಬದಿಗೆ ಏರುತ್ತದೆ. ಮೊದಲ ನೋಟಕ್ಕೆ ತಗಡು ಕುಸಿದಿದೆಯೇನೋ ಅನ್ನಿಸಬೇಕು. ಜನ ಅದರಲ್ಲಿ ಪೂರ್ವದೇಶಗಳ ಪಗೋಡಾದ ಸೂರನ್ನು ಕಂಡರು, ಕಾರಿಗೆ ಆ ಹೆಸರೇ ನಿಂತಿತು. ಬದಿ ಏರಿದ್ದರಿಂದ ಬಾಗಿಲಿನ ಗಾಜು ಎತ್ತರವಾಯಿತು. ತಗ್ಗಾದ ಕಾರಿನೊಳಗೆ ತಲೆ ತೂರಿಸಿ ನುಸುಳುವ ಕಷ್ಟ ತಪ್ಪಿತು. ಬಾಗಿಸಿದ ತಗಡಿಗೆ ಬಿಗಿಯೂ ಹೆಚ್ಚು. ಕೂರುವವರ ನೆತ್ತಿ, ಕತ್ತುಗಳನ್ನು ನೆನೆದು ಮಾಡಿದ ಕೆಲಸ ಇದು. ಚೆಂದ ಅದರ ಬೆನ್ನಿಗೇ ಬಂತು.

ಗಟ್ಟಿ ಕಾರೆಂದರೆ ಮೈಯೆಲ್ಲ ಗಟ್ಟಿ ಎಂದು ಲೋಕ ನಂಬಿದ್ದ ಕಾಲದಲ್ಲಿ ಬರೇನಿಯವರದು ಬೇರೆಯೇ ವಾದ. ಡಿಕ್ಕಿಯಾದಾಗ ಮುಂಭಾಗ, ಹಿಂಭಾಗ ನಜ್ಜುಗುಜ್ಜಾಗಿ ಪೆಟ್ಟನ್ನು ನುಂಗಬೇಕು, ಜನ ಕೂತ ನಡುಭಾಗ ಮಾತ್ರ ಕದಲಬಾರದು. 1959ರಲ್ಲಿ ಮರ್ಸಿಡಿಸ್‌ನ ದೊಡ್ಡ ಸೆಡಾನಿಗೆ ಬಂದ ಈ ಏರ್ಪಾಡು ಸ್ಪೋರ್ಟ್ಸ್ ಕಾರಿಗೆ ದಕ್ಕಿದ್ದು ಇದರಲ್ಲೇ ಮೊದಲು. ಯಾರ ಕಣ್ಣಿಗೂ ಬೀಳದ ಈ ಅಕ್ಕರೆಯನ್ನು ನಾನು ಹೊಳೆಯುವ ಕ್ರೋಮಿಗಿಂತ ದೊಡ್ಡ ಐಷಾರಾಮ ಎಂದುಕೊಂಡಿದ್ದೇನೆ.

ಲೋಹದ ಮಾಡನ್ನು ಇಬ್ಬರು ಸೇರಿ ಎತ್ತಿ ಮನೆಯಲ್ಲಿಟ್ಟು ಹೊರಡುತ್ತಾರೆ. ದಾರಿಯಲ್ಲಿ ಮಳೆ ಬಂದರೆ ಬಟ್ಟೆಯ ಟಾಪು ಇದೆ. ಅದನ್ನು ಮಡಚುವುದನ್ನು ಗಮನಿಸಿ ನೋಡಬೇಕು. ಮುಂಗಾಜಿನ ಮೇಲಂಚಿನ ಕೊಂಡಿ ಬಿಡಿಸಿ, ಸೀಟಿನ ಹಿಂದಿನ ಲೋಹದ ಮುಚ್ಚಳ ಎತ್ತಿ, ಕಮಾನುಗಳ ಸಮೇತ ಬಟ್ಟೆಯನ್ನು ಒಳಗೆ ಕೂರಿಸಿ ಮುಚ್ಚಳ ಹಾಕಿದರೆ ಟಾಪು ಇತ್ತೆಂಬ ಗುರುತೇ ಇಲ್ಲ. ಬೆನ್ನ ಹಿಂದೆ ಬಟ್ಟೆಯ ಗಂಟು ಉಬ್ಬಿ ನಿಲ್ಲುವ ಎಷ್ಟೋ ಓಪನ್ ಕಾರುಗಳ ನಡುವೆ ಇದರ ಮೈ ಮೂತಿಯಿಂದ ಬಾಲದವರೆಗೆ ಒಂದೇ ಓಟದಲ್ಲಿ ಸಾಗುತ್ತದೆ. ಮೋಟಾರಿಲ್ಲ, ಗುಂಡಿಯಿಲ್ಲ, ಎಲ್ಲ ಕೈಯಲ್ಲೇ.

ಬಾನೆಟ್ ಕೆಳಗೆ ಆರು ಸಿಲಿಂಡರಿನ ಎಂಜಿನ್, 150 ಕುದುರೆಶಕ್ತಿ. ಪೆಟ್ರೋಲು ಉಣಿಸುವುದು ಬಾಷ್ ಕಂಪನಿಯ ಆರು ಪ್ಲಂಜರುಗಳ ಪಂಪು. ಬೆಂಗಳೂರಿನ ಆಡುಗೋಡಿಯಲ್ಲಿ ಮೈಕೋ ತಯಾರಿಸುತ್ತಿದ್ದ ಡೀಸೆಲ್ ಪಂಪುಗಳ ಒಳಗನ್ನು ಬಲ್ಲ ನಮ್ಮ ಮೆಕ್ಯಾನಿಕ್‌ಗಳಿಗೆ ಇದರ ಮರ್ಮ ಹೊಸದೇನಲ್ಲ. ನಾಜೂಕಿನ ಕಾರೆಂದು ಮೂಗೆಳೆದವರಿಗೆ ಉತ್ತರ ಸಿಕ್ಕಿದ್ದು ಅದೇ 1963ರಲ್ಲಿ. ಬೆಲ್ಜಿಯಂನ ಸ್ಪಾದಿಂದ ಬಲ್ಗೇರಿಯದ ಸೋಫಿಯಾಕ್ಕೆ ಹೋಗಿ ಲಿಯೇಜ್‌ಗೆ ಮರಳುವ, 5,000 ಕಿಲೋಮೀಟರಿಗೂ ಮಿಕ್ಕಿದ ರ್‍ಯಾಲಿಯನ್ನು ಯೂಗೆನ್ ಬೋರಿಂಗರ್ 230 ಎಸ್‌ಎಲ್‌ನಲ್ಲೇ ಗೆದ್ದರು.

ಆಮೇಲೆ 250, 280 ಎಂದು ಎಂಜಿನ್ ದೊಡ್ಡದಾಯಿತು. 1971ರಲ್ಲಿ ತಯಾರಿಕೆ ನಿಲ್ಲುವ ಹೊತ್ತಿಗೆ ಹೊರಬಂದದ್ದು ಒಟ್ಟು 48,912 ಕಾರುಗಳು. ಕೊನೆಯ 280ಕ್ಕೇ ಬೇಡಿಕೆ ಹೆಚ್ಚು, ಆದರೆ ನನ್ನ ಮನಸ್ಸು ಮೊದಲಿನದರ ಕಡೆಗೆ. ಹೊಸದನ್ನು ಕಂಡುಕೊಂಡ ಹುರುಪು ಅದರಲ್ಲಿದೆ. ಸ್ಟುಟ್‌ಗಾರ್ಟ್ ಪಕ್ಕದ ಫೆಲ್‌ಬಾಖ್‌ನಲ್ಲಿ ಕಂಪನಿಯದೇ ಹಳೆ ಕಾರುಗಳ ಕೇಂದ್ರವಿದೆ; ಅಲ್ಲಿ ಇವನ್ನು ಬಿಚ್ಚಿ, ತಿದ್ದಿ, ಮತ್ತೆ ರಸ್ತೆಗಿಳಿಸುತ್ತಾರೆ. ಮ್ಯೂಸಿಯಮ್ಮಿನಲ್ಲಿ ನಿಂತದ್ದಕ್ಕಿಂತ, ಹೀಗೆ ಮಣ್ಣು ಮೆತ್ತಿಸಿಕೊಂಡು ಓಡಾಡುವ ಪಗೋಡಾಗಳನ್ನು ಕಂಡರೆ ನನಗೆ ಹೆಚ್ಚು ಸಂತೋಷ.