ಹನ್ನೊಂದು ಕಡೆ ತಿದ್ದಿದ್ದೆ

"ನಾನೇ ಹಾಡಿದ್ದಾ ಇದು?" ಅಂತ ಅತ್ತಿಗೆ ಹೆಡ್‌ಫೋನ್ ತೆಗೆದು ಕೇಳಿದರು. ನಾನು "ಮತ್ತಿನ್ಯಾರು ಅತ್ತಿಗೆ?" ಅಂದೆ. ಸುಳ್ಳು ಹೇಳ್ತಿದೀನಿ ಅಂತ ಆಗ ಅನ್ನಿಸಲೇ ಇಲ್ಲ. ಅವರ ಮುಖ ಅಷ್ಟು ಅರಳಿತ್ತು.

ನನ್ನದೇನೂ ದೊಡ್ಡ ಸ್ಟುಡಿಯೊ ಅಲ್ಲ. ಬೆಂಗಳೂರಿನ ಬಾಡಿಗೆ ಮನೆಯಲ್ಲಿ ಒಂದು ಸಣ್ಣ ರೂಮು. ಸೋಮವಾರದಿಂದ ಶುಕ್ರವಾರದವರೆಗೆ ಅದು ವರ್ಕ್ ಫ್ರಮ್ ಹೋಮ್ ಆಫೀಸು, ಶನಿವಾರ ಭಾನುವಾರ ಸ್ಟುಡಿಯೊ. ಒಂದು ಕಂಡೆನ್ಸರ್ ಮೈಕು, ಎರಡು ಇನ್‌ಪುಟ್ ಇರೋ ಆಡಿಯೊ ಇಂಟರ್‌ಫೇಸು, ಹೆಡ್‌ಫೋನು, ಲ್ಯಾಪ್‌ಟಾಪ್‌ನಲ್ಲಿ ರೀಪರ್. ಹಾಡೋರ ಬೆನ್ನ ಹಿಂದೆ ಗೋಡೆಗೆ ಒಂದು ಹಾಸಿಗೆ ಒರಗಿಸ್ತೀನಿ, ಫ್ಯಾನ್ ಆಫ್ ಮಾಡ್ತೀನಿ, ಪಕ್ಕದ ಮನೆ ಕುಕ್ಕರ್ ಸುಮ್ಮನಾಗೋವರೆಗೆ ಕಾಯ್ತೀನಿ. ಅಷ್ಟೇ.

ಹಿಂದೆ ಇದಕ್ಕೆ ಊಟದ ಟೇಬಲ್ಲಿನಷ್ಟು ಅಗಲದ ಮಿಕ್ಸಿಂಗ್ ಕನ್ಸೋಲ್ ಬೇಕಿತ್ತು. ಈಗ ಆ ಟೇಬಲ್ಲು ಪೂರ್ತಿಯಾಗಿ ಲ್ಯಾಪ್‌ಟಾಪಿನೊಳಗೆ ಬಂದು ಕೂತಿದೆ. ಅದಕ್ಕೇ ಡಿಜಿಟಲ್ ಆಡಿಯೊ ವರ್ಕ್‌ಸ್ಟೇಷನ್ ಅಂತಾರೆ, ಬಾಯಿಮಾತಲ್ಲಿ 'ಡಾ'. ಆ್ಯಪ್‌ನ ತಂಬೂರಿ ಒಂದು ಟ್ರ್ಯಾಕು, ಮೈಸೂರಿನ ಗೆಳೆಯ ತನ್ನ ಮನೆಯಲ್ಲೇ ನುಡಿಸಿ ಕಳಿಸಿದ ಮೃದಂಗ ಇನ್ನೊಂದು ಟ್ರ್ಯಾಕು, ಅತ್ತಿಗೆಯ ದನಿ ಮೂರನೆಯದು. ಒಂದೇ ಹೊತ್ತಿನಲ್ಲಿ ಒಂದೇ ಕಡೆ ಕೂರದ ಮೂವರನ್ನು ಈ ಪರದೆ ಕೂರಿಸುತ್ತೆ. ಯಾರ ದನಿ ಮುಂದೆ ಇರಬೇಕು, ಯಾರದು ಹಿಂದೆ, ಅಂತ ತೀರ್ಮಾನ ಮಾಡೋದು ಮಾತ್ರ ಮೌಸ್ ಹಿಡಿದವನು. ಆ ಅಧಿಕಾರದ ಬಗ್ಗೆಯೇ ಈ ಬರಹ.

ಅತ್ತಿಗೆಯ ಅಪ್ಪ ಸಾಗರದ ಕಡೆಯ ಒಂದು ಊರಲ್ಲಿ ಮೇಷ್ಟ್ರಾಗಿದ್ದವರು. ಸಂಗೀತ ಕಲಿತವರಲ್ಲ, ರೇಡಿಯೊ ಕೇಳಿ ಕೇಳಿ ಕಿವಿ ಹದವಾದವರು. ಮಗಳು ಹಾಡಿದಾಗಲೆಲ್ಲ ಅವರದು ಒಂದೇ ಮಾತು: "ಶ್ರುತಿ ನಿಲ್ಲಲ್ಲ ನಿಂದು." ಸಿಟ್ಟಿನಿಂದ ಹೇಳ್ತಿದ್ದದ್ದಲ್ಲ, ಇವತ್ತು ಮಳೆ ಬರಲ್ಲ ಅನ್ನೋ ಹಾಗೆ ಹೇಳ್ತಿದ್ದರು. ಅತ್ತಿಗೆ ಮದುವೆಯಾಗಿ ಬೆಂಗಳೂರಿಗೆ ಬಂದ ಮೇಲೂ ಅಪ್ಪನ ಎದುರು ಹಾಡಲಿಲ್ಲ.

ಮೇಷ್ಟ್ರಿಗೆ ಸಹಸ್ರ ಚಂದ್ರದರ್ಶನ ಮಾಡೋದು ಅಂತಾದಾಗ, ಹೆಚ್ಚುಕಮ್ಮಿ ಮೂರು ವರ್ಷದ ಹಿಂದೆ, ಅತ್ತಿಗೆ ನನ್ನ ಹತ್ರ ಬಂದರು. "ಎದುರು ನಿಂತು ಹಾಡೋಕೆ ಈಗಲೂ ಕೈಕಾಲು ನಡುಗುತ್ತೆ ಕಣೋ. ರೆಕಾರ್ಡ್ ಮಾಡಿಕೊಡು, ಅಲ್ಲಿ ಹಾಕ್ತೀನಿ." ಹಾಡಿದ್ದು ತೋಡಿ ರಾಗದಲ್ಲಿ ಕೂರಿಸಿದ ಒಂದು ದೇವರನಾಮ. ಎರಡು ಗಂಟೆಯಲ್ಲಿ ಆರು ಸಲ ಹಾಡಿದರು. ಭಾವ ತುಂಬಿ ಬಂದಿತ್ತು. ಆದರೆ ಕೆಲವು ಕಡೆ ಮೇಷ್ಟ್ರು ಹೇಳಿದ್ದು ನಿಜವೇ ಆಗಿತ್ತು.

ರಾತ್ರಿ ಒಬ್ಬನೇ ಕೂತು ಮಿಕ್ಸ್ ಮಾಡಿದೆ. 80 ಹರ್ಟ್ಸ್‌ಗಿಂತ ಕೆಳಗಿನ ಗುಂಯ್ ಸದ್ದು ಕತ್ತರಿಸಿದೆ. ಜೋರಾದ ಕಡೆ ಸ್ವಲ್ಪ ತಗ್ಗಿಸಿದೆ. ದೇವಸ್ಥಾನದ ಪ್ರಾಂಗಣದ ಹಾಗೆ ಕೇಳಲಿ ಅಂತ ತುಸು ರಿವರ್ಬ್ ಹಾಕಿದೆ. ಆಮೇಲೆ ಪಿಚ್ ತಿದ್ದುವ ಪ್ಲಗಿನ್ ತೆರೆದೆ. ಅದರಲ್ಲಿ ಹಾಡಿದ ಒಂದೊಂದು ಸ್ವರವೂ ಒಂದೊಂದು ಉಂಡೆಯ ಹಾಗೆ ಕಾಣುತ್ತೆ, ಹಿಂದೆ ಅಡ್ಡಗೆರೆಗಳು. ಒಂದು ಸ್ವರಸ್ಥಾನದಿಂದ ಪಕ್ಕದ್ದಕ್ಕೆ 100 ಸೆಂಟ್ ಅಂತ ಲೆಕ್ಕ. ಅತ್ತಿಗೆಯ ಉಂಡೆಗಳು ಕೆಲವು ಕಡೆ ಗೆರೆಯಿಂದ 30, 40 ಸೆಂಟ್ ಕೆಳಗೆ ಕೂತಿದ್ದವು. ಮೌಸಿನಿಂದ ಹಿಡಿದು ಮೇಲಕ್ಕೆ ಎಳೆದೆ. ಹನ್ನೊಂದು ಕಡೆ. ಅರ್ಧ ಗಂಟೆಯ ಕೆಲಸ. ಇದು ನಾಲ್ಕು ದಶಕದ ಒಂದು ತಕರಾರನ್ನು ಅಳಿಸುವ ಕೆಲಸ ಅಂತ ನನಗೆ ಒಳಗೊಳಗೇ ಖುಷಿಯೂ ಆಗಿತ್ತು.

ಸಮಾರಂಭದ ದಿನ ಹಾಡು ಹಾಕಿದರು. ಮೇಷ್ಟ್ರು ಕಣ್ಣು ಮುಚ್ಚಿ ಪೂರ್ತಿ ಕೇಳಿದರು. ಮುಗಿದ ಮೇಲೆ ಮಗಳ ಕಡೆ ತಿರುಗಿ, "ಈಗ ನಿಂತಿದೆ ನೋಡು ಶ್ರುತಿ," ಅಂದರು. ಅತ್ತಿಗೆ ಅಡುಗೆ ಕೋಣೆಗೆ ಹೋಗಿ ಅತ್ತರು. ನಾನು ಹೋಳಿಗೆ ತಿನ್ನುತ್ತಾ, ಬದುಕಲ್ಲಿ ಒಂದು ಒಳ್ಳೆ ಕೆಲಸ ಮಾಡಿದೆ ಅಂದುಕೊಂಡೆ. ಮರುವರ್ಷ ಮೇಷ್ಟ್ರು ತೀರಿಕೊಂಡರು.

ಇಲ್ಲಿಗೇ ಮುಗಿದಿದ್ದರೆ ನಾನು ಇದನ್ನ ಬರೀತಿರಲಿಲ್ಲ. ವರ್ಷಾಂತ ಮುಗಿದ ಸಂಜೆ ಯಾರೋ "ಅಪ್ಪನಿಗೆ ಇಷ್ಟವಾದ ಆ ಹಾಡು ಹೇಳೇ" ಅಂದರಂತೆ. ಅತ್ತಿಗೆ ಹಾಡೋಕೆ ಶುರು ಮಾಡಿ ಅರ್ಧಕ್ಕೆ ನಿಲ್ಲಿಸಿಬಿಟ್ಟರು. ವಾರ ಕಳೆದ ಮೇಲೆ ಅಣ್ಣ ಫೋನ್ ಮಾಡಿದ. "ಅವಳಿಗೆ ಗಂಟಲಲ್ಲಿ ಏನೋ ಆಗಿದೆಯಂತೆ ಮಾರಾಯ. ಆ ರೆಕಾರ್ಡಿಂಗ್ ಹಾಕ್ಕೊಂಡು ಜೊತೆಗೆ ಹಾಡಿ ನೋಡ್ತಾಳೆ, ಆಗ ಬರ್ತಿದ್ದ ಹಾಗೆ ಈಗ ಬರ್ತಿಲ್ಲ ಅಂತಾಳೆ. ಒಳ್ಳೆ ಇ.ಎನ್.ಟಿ. ಡಾಕ್ಟರ್ ಗೊತ್ತಿದ್ರೆ ಹೇಳು."

ನಾನು ಎಷ್ಟೋ ಹೊತ್ತು ಫೋನ್ ಹಿಡಿದು ಕೂತೆ. ಅತ್ತಿಗೆ ತಮ್ಮ ದನಿಯನ್ನು ಎಂದೂ ಇರದ ಒಂದು ದನಿಯ ಜೊತೆ ಹೋಲಿಸಿಕೊಂಡು ಕೊರಗುತ್ತಿದ್ದರು.

ಆ ರಾತ್ರಿ ನನ್ನ ಪರ ವಾದ ಮಾಡೋಕೆ ಎಷ್ಟೊಂದು ಸಾಕ್ಷಿ ಹುಡುಕಿದೆ! ಎಲ್ಲರೂ ಮಾಡ್ತಾರೆ. ತೈಲ ಹುಡುಕೋ ಕಂಪನಿಗಳಿಗಾಗಿ ಭೂಕಂಪನದ ಅಲೆಗಳನ್ನು ವಿಶ್ಲೇಷಿಸುತ್ತಿದ್ದ ಆ್ಯಂಡಿ ಹಿಲ್ಡೆಬ್ರಾಂಡ್ ಅದೇ ಬಗೆಯ ಗಣಿತ ಬಳಸಿ 1997ರಲ್ಲಿ ಆಟೊ-ಟ್ಯೂನ್ ತಂದ. ಆವಾಗಿನಿಂದ ಜಗತ್ತಿನ ಅರ್ಧ ಹಾಡುಗಳು ಹೀಗೇ ಅಲ್ಲವಾ? ಪಿಯಾನೊ ವಾದಕ ಗ್ಲೆನ್ ಗೂಲ್ಡ್ 1964ರಲ್ಲಿ ಕಛೇರಿ ಕೊಡೋದನ್ನೇ ಬಿಟ್ಟು ಸ್ಟುಡಿಯೊ ಸೇರಿಕೊಂಡ. ಬಾಖ್‌ನ ಒಂದು ಫ್ಯೂಗ್‌ಗೆ ಆರನೇ ಟೇಕನ್ನೂ ಎಂಟನೇ ಟೇಕನ್ನೂ ಕತ್ತರಿಸಿ ಅಂಟಿಸಿದ್ದನ್ನು 1966ರ ಲೇಖನದಲ್ಲಿ ತಾನೇ ಹೆಮ್ಮೆಯಿಂದ ಬರೆದ. ಅವನಿಗಿಲ್ಲದ ಪಾಪಪ್ರಜ್ಞೆ ನನಗ್ಯಾಕೆ?

ಆದರೆ ಗೂಲ್ಡನ ಉದಾಹರಣೆಯೇ ನನ್ನ ವಾದವನ್ನು ಮುರಿಯಿತು. ಅವನು ಅಂಟಿಸಿದ್ದು ತಾನೇ ನುಡಿಸಿದ್ದನ್ನ, ತಾನೇ ಕೇಳಿ, ತಾನೇ ಆರಿಸಿ. ಅದನ್ನ ಎಲ್ಲರಿಗೂ ಹೇಳಿಯೂ ಹೇಳಿದ. ನಾನು ತಿದ್ದಿದ್ದು ಇನ್ನೊಬ್ಬರದ್ದನ್ನ, ಅವರಿಲ್ಲದಾಗ, ಅವರಿಗೆ ಹೇಳದೆ.

1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಗ್ರಾಮಫೋನ್ ಕೊಂಬಿನ ಮುಂದೆ ಹಾಡಿ, ಕೊನೆಗೆ ತನ್ನ ಹೆಸರನ್ನು ತಾನೇ ಕೂಗಿ ಹೇಳುತ್ತಿದ್ದರು. ಜರ್ಮನಿಯಲ್ಲಿ ತಟ್ಟೆ ಅಚ್ಚು ಹಾಕೋರಿಗೆ ಯಾರು ಹಾಡಿದ್ದು ಅಂತ ಗುರುತು ಸಿಗಲಿ ಅನ್ನೋದಷ್ಟೇ ಕಾರಣ. ಆದರೆ ಈಗ ಕೇಳಿದರೆ ಅದು ಒಂದು ಸಹಿಯ ಹಾಗೆ ಕೇಳಿಸುತ್ತೆ. ಈ ಮೂರು ನಿಮಿಷದಲ್ಲಿ ಸರಿಯೂ ನನ್ನದೇ, ತಪ್ಪೂ ನನ್ನದೇ ಅಂದ ಹಾಗೆ. ಅತ್ತಿಗೆಯ ಸಹಿಯನ್ನ ನಾನು ಹಾಕಿದ್ದೆ.

ಹಾಗಾದ್ರೆ ಗೆರೆ ಎಲ್ಲಿ ಎಳೆಯೋದು? ಗುಂಯ್ ಸದ್ದು ತೆಗೆದದ್ದು ಕನ್ನಡಕ ಒರೆಸಿದ ಹಾಗೆ, ಅದರಲ್ಲಿ ಮೋಸ ಇಲ್ಲ. ರಿವರ್ಬ್? ನನ್ನ ರೂಮನ್ನು ದೇವಸ್ಥಾನ ಅಂತ ನಂಬಿಸಿದ್ದೂ ಸುಳ್ಳೇ, ಆದರೆ ಅದರಿಂದ ಯಾರಿಗೂ ನಷ್ಟವಿಲ್ಲ. ಆರು ಟೇಕಿನಲ್ಲಿ ಒಳ್ಳೆ ಸಾಲುಗಳನ್ನ ಆರಿಸಿ ಜೋಡಿಸೋದು? ಅದೂ ಅವರೇ ಹಾಡಿದ್ದು. ಪಿಚ್ ತಿದ್ದೋದು? ಅವರು ಹಾಡದೇ ಇದ್ದದ್ದನ್ನ ಹಾಡಿಸೋದು. ಹೀಗೆ ಸಾಧನಗಳ ಪಟ್ಟಿ ಮಾಡ್ತಾ ಹೋದರೆ ಗೆರೆ ಸಿಗಲ್ಲ ಅಂತ ಅರಿವಾಯ್ತು. ಯಾಕಂದ್ರೆ ಹಾಡೋರೇ "ಈ ಸ್ವರ ಸ್ವಲ್ಪ ಎತ್ತು" ಅಂದಿದ್ದರೆ ಅದೇ ಪ್ಲಗಿನ್ನಿನಲ್ಲಿ ಯಾವ ತಪ್ಪೂ ಇರಲಿಲ್ಲ. ಕೊನೆಗೆ ನನಗೆ ಉಳಿದಿದ್ದು ಒಂದೇ ಪರೀಕ್ಷೆ. ಹಾಡಿದವರು ಪಕ್ಕದ ಕುರ್ಚಿಯಲ್ಲಿ ಕೂತು ಪರದೆ ನೋಡ್ತಿದ್ದರೆ ಈ ಕೆಲಸ ಮಾಡ್ತಿದ್ನಾ? ಕೈ ಹಿಂಜರಿಯುತ್ತೆ ಅಂದ್ರೆ ಗೆರೆ ಅಲ್ಲೇ ಇದೆ.

ಆಫೀಸಲ್ಲಿ ನಮಗೆ ಇದು ಗೊತ್ತು. ಇನ್ನೊಬ್ಬರ ಕೋಡ್ ತಿದ್ದಿದರೆ ಯಾರು, ಯಾವಾಗ, ಯಾವ ಸಾಲು ಅಂತ ಹಿಸ್ಟರಿಯಲ್ಲಿ ಹೆಸರು ಸಮೇತ ಉಳಿಯುತ್ತೆ. ಆದರೂ ಹೊಸಬರ ಪ್ರೆಸೆಂಟೇಷನ್ನನ್ನು ರಾತ್ರಿ ಸದ್ದಿಲ್ಲದೆ ಪೂರ್ತಿ ಬದಲಿಸಿ, ಬೆಳಗ್ಗೆ "ಚೆನ್ನಾಗಿ ಮಾಡಿದೀಯ" ಅಂದಿರ್ತೀವಿ. ಅವರು ಮುಂದಿನ ಸಲವೂ ಹಾಗೇ ಮಾಡಿಕೊಂಡು ಬರ್ತಾರೆ, ನಾವು ಇಲ್ಲದಿದ್ದಾಗ ಸಿಕ್ಕಿಬೀಳ್ತಾರೆ. ಅದನ್ನ ನಾವು ಸಹಾಯ ಅಂತೀವಿ.

ಮರುದಿನ ಫೋನ್ ಮಾಡಿದೆ. "ಅತ್ತಿಗೆ, ಡಾಕ್ಟರ ಹತ್ರ ಹೋಗಬೇಡಿ. ನಿಮ್ಮ ಗಂಟಲಿಗೆ ಏನೂ ಆಗಿಲ್ಲ." ಎಲ್ಲ ಹೇಳಿದೆ. ಆ ಕಡೆಯಿಂದ ತುಂಬ ಹೊತ್ತು ಮಾತಿಲ್ಲ. ಆಮೇಲೆ, "ಎಷ್ಟು ಕಡೆ?" ಅಂದರು. "ಹನ್ನೊಂದು." "ಭಾನುವಾರ ಬರ್ತೀನಿ. ಒಂದೊಂದೂ ತೋರಿಸು."

ಬಂದರು. ಈ ತಂತ್ರಾಂಶಗಳಲ್ಲಿ ಮೂಲ ಧ್ವನಿಗೆ ಏನೂ ಆಗಿರಲ್ಲ. ನಾವು ಮಾಡಿದ ಬದಲಾವಣೆಯೆಲ್ಲ ಅದರ ಮೇಲೆ ಹೊದಿಸಿದ ಪದರ. ಬೈಪಾಸ್ ಗುಂಡಿ ಒತ್ತಿದರೆ ಮೊದಲು ಹಾಡಿದ್ದು ಹಾಡಿದ ಹಾಗೇ ಕೇಳುತ್ತೆ. ಒಂದೊಂದು ಕಡೆಯೂ ಎರಡೆರಡು ಸಲ ಕೇಳಿಸಿದೆ. ಎರಡು ಕಡೆ, "ಇಲ್ಲಿ ಉಸಿರು ಸಾಲಲಿಲ್ಲ, ನನಗೇ ಗೊತ್ತಾಗಿತ್ತು" ಅಂದರು. ಇನ್ನಾರು ಕಡೆ ಸುಮ್ಮನೆ ತಲೆಯಾಡಿಸಿದರು. ಉಳಿದ ಮೂರು ಕಡೆ ಮಾತ್ರ ನನ್ನ ಕಡೆ ತಿರುಗಿ ನೋಡಿದರು.

"ಇದನ್ನ ಯಾಕೆ ತಿದ್ದಿದೆ? ತೋಡಿ ಗಾಂಧಾರ ಕಣೋ ಇದು. ಅದು ಒಂದು ಕಡೆ ನಿಲ್ಲೋದೇ ಇಲ್ಲ, ತೂಗಬೇಕು. ನಿನ್ನ ಗೆರೆ ಮೇಲೆ ಕೂರಿಸಿದ್ರೆ ತೋಡಿ ಎಲ್ಲಿ ಉಳೀತು?"

ನಿಜ. ಪರದೆ ಮೇಲಿನ ಗೆರೆಗಳು ಪಿಯಾನೊದ ಹನ್ನೆರಡು ಮನೆಗಳ ಲೆಕ್ಕದವು. ಗಮಕ ಅದಕ್ಕೆ ಗೊತ್ತಿಲ್ಲ. ನನಗೂ ಗೊತ್ತಿರಲಿಲ್ಲ. ಕಿವಿಯಲ್ಲಿ ಕೇಳೋ ಬದಲು ಕಣ್ಣಲ್ಲಿ ನೋಡಿ ತಿದ್ದಿದ್ದೆ. ಒಂದು ಮಾತು ಕೇಳಿದ್ದರೆ ಈ ಮೂರು ಹಾಳಾಗುತ್ತಿರಲಿಲ್ಲ.

ಅತ್ತಿಗೆ ಬೈಯಲಿಲ್ಲ. ಏಳೋ ಮುಂಚೆ ಒಂದು ಮಾತು ಕೇಳಿದರು: "ಅಪ್ಪ ಹೊಗಳಿದ್ದು ನನ್ನನ್ನೋ, ನಿನ್ನ ಲ್ಯಾಪ್‌ಟಾಪನ್ನೋ? ಈಗ ಯಾರನ್ನ ಕೇಳೋದು?"

ಉತ್ತರ ಇರಲಿಲ್ಲ. ಈಗಲೂ ಇಲ್ಲ. ಸೆಷನ್ನಿನಲ್ಲಿ ಏನನ್ನು ಬೇಕಾದರೂ ಹಿಂದಕ್ಕೆ ತೆಗೆದುಕೊಳ್ಳಬಹುದು. ಮೇಷ್ಟ್ರು ಆ ದಿನ ಹೇಳಿದ ಮಾತಿಗೆ ಬೈಪಾಸ್ ಗುಂಡಿ ಇಲ್ಲ. ತೀರಾ ತಡವಾಗಿ ಹೊಳೆದದ್ದು ಇಷ್ಟು: "ಶ್ರುತಿ ನಿಲ್ಲಲ್ಲ ನಿಂದು" ಅಂತ ಮೇಷ್ಟ್ರು ಮುಖಕ್ಕೆ ಹೇಳ್ತಿದ್ದರು. ನಾನೂ ಅದನ್ನೇ ಹೇಳಿದ್ದೆ, ಲ್ಯಾಪ್‌ಟಾಪಿಗೆ. ಇಬ್ಬರಲ್ಲಿ ಅತ್ತಿಗೆಗೆ ಹೆಚ್ಚು ಗೌರವ ಕೊಟ್ಟವರು ಯಾರು ಅಂತ ಯೋಚಿಸಿದರೆ ನನಗೆ ಹಿತವಾಗಲ್ಲ.

ಹಳೆಯ ಫೈಲನ್ನು ಅಳಿಸಲಾ ಅಂತ ಕೇಳಿದ್ದಕ್ಕೆ ಅತ್ತಿಗೆ, "ಬೇಡ, ಅಪ್ಪ ಕೇಳಿದ್ದು ಅದು. ಇರ್ಲಿ. ನಂದನ್ನ ಬೇರೆ ಇಡು" ಅಂದರು. ಈಗ ಯಾರು ಹಾಡಿದರೂ ಎರಡು ಫೈಲು ಕೊಡ್ತೀನಿ, 'ಹಾಡಿದ್ದು' ಅಂತ ಒಂದು, 'ತಿದ್ದಿದ್ದು' ಅಂತ ಇನ್ನೊಂದು. ತಿದ್ದೋವಾಗ ಪಕ್ಕದಲ್ಲಿ ಕೂರಿಸ್ಕೊಳ್ತೀನಿ. ಕೆಲಸ ನಿಧಾನ ಆಗುತ್ತೆ. ಪರವಾಗಿಲ್ಲ.

ಹೋದ ತಿಂಗಳು ಅತ್ತಿಗೆ ಮತ್ತೆ ಬಂದಿದ್ದರು. ಹಾಡು ಮುಗಿದ ಮೇಲೆ ನಾನು, "ಅತ್ತಿಗೆ, ಚರಣದಲ್ಲಿ ಪಂಚಮ ಸ್ವಲ್ಪ ಕೆಳಗಿದೆ. ತಿದ್ಲಾ?" ಅಂದೆ.

"ಬೇಡ ತಡಿ," ಅಂದರು, ನೀರು ಕುಡಿದು ಹೆಡ್‌ಫೋನ್ ಮತ್ತೆ ಹಾಕಿಕೊಳ್ಳುತ್ತಾ. "ಇನ್ನೊಂದು ಸಲ ಹಾಡ್ತೀನಿ."