ಈ ತೂತಿನ್ಯಾಗ ಏನ್ ಕೂಡತೈತಿ?

ಪುಣೆಯಲ್ಲಿ ಏನು ಕೆಲಸ ಎಂದು ಊರಲ್ಲಿ ಯಾರಾದರೂ ಕೇಳಿದರೆ, ಯಂತ್ರದ ಬಿಡಿಭಾಗಗಳ ಡ್ರಾಯಿಂಗ್ ಮಾಡ್ತೀನಿ ಅನ್ನುತ್ತೇನೆ. 'ಓ, ಚಿತ್ರ ಬರೆಯೋದು' ಎಂದು ಅವರು ಸಮಾಧಾನಪಡುತ್ತಾರೆ. ಆದರೆ ಈ ಚಿತ್ರದಲ್ಲಿ ಗೆರೆಗಿಂತ ಅಂಕಿ ದೊಡ್ಡದು. 25 ಮಿಲಿಮೀಟರಿನ ತೂತು ಬೇಕು ಅಂತ ಬರೆದರೆ ಸಾಲದು. ಕರಾರುವಾಕ್ಕಾಗಿ 25 ಬರುವಂತೆ ಕೊರೆಯಬಲ್ಲ ಯಂತ್ರ ಜಗತ್ತಿನಲ್ಲೇ ಇಲ್ಲ. ಎಷ್ಟು ಹೆಚ್ಚುಕಡಿಮೆಯಾದರೆ ನಡೆದೀತು ಎಂಬುದನ್ನೂ ಬರೆದುಕೊಡಬೇಕು. ಅದಕ್ಕೆ ಟಾಲರೆನ್ಸ್ ಎನ್ನುತ್ತಾರೆ. ನಿಘಂಟು ತೆಗೆದರೆ ಸಹನೆ ಎಂಬ ಅರ್ಥ ಸಿಗುತ್ತದೆ. ಈ ಸಹನೆಯನ್ನು ನಿಗದಿ ಮಾಡುವವನು ಏಸಿ ಕೋಣೆಯಲ್ಲಿ ಕೂತಿರುತ್ತಾನೆ, ಅದರ ಬೆಲೆ ತೆರುವವನು ತಗಡಿನ ಶೆಡ್ಡಿನಲ್ಲಿ ನಿಂತಿರುತ್ತಾನೆ. ನನ್ನನ್ನು ಬಹುಕಾಲ ಕಾಡಿದ್ದು ಇದೇ.

ಸ್ವಲ್ಪ ಲೆಕ್ಕ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಬೇರಿಂಗಿನಂಥ ವಸ್ತು ಕೂರುವ ತೂತಿಗೆ ನಾವು ಸಾಮಾನ್ಯವಾಗಿ 'ಎಚ್7' ಎಂದು ಬರೆಯುತ್ತೇವೆ. ಐಎಸ್ 919 ಎಂಬ ಭಾರತೀಯ ಮಾನಕದ ಪ್ರಕಾರ 25ರ ತೂತಿಗೆ ಅದರ ಅರ್ಥ 25.000ದಿಂದ 25.021ರ ಒಳಗೆ. ಅಂದರೆ ಇರುವ ಅವಕಾಶ 21 ಮೈಕ್ರಾನ್, ತಲೆಗೂದಲಿನ ದಪ್ಪಕ್ಕಿಂತ ಎಷ್ಟೋ ಕಡಿಮೆ. ಏನೂ ಕೂರದ ಮಾಮೂಲಿ ತೂತಿಗೆ ಐಎಸ್ 2102ರ ಮಧ್ಯಮ ದರ್ಜೆ ಸಾಕು. ಅಲ್ಲಿ 0.2 ಹೆಚ್ಚೂ ಆಗಬಹುದು, 0.2 ಕಡಿಮೆಯೂ ಆಗಬಹುದು. ಅವಕಾಶ ಸುಮಾರು 19 ಪಟ್ಟು. ಎರಡನೆಯದನ್ನು ಡ್ರಿಲ್ ಹೊಡೆದು ಮುಗಿಸಬಹುದು. ಮೊದಲನೆಯದಕ್ಕೆ ಡ್ರಿಲ್ ಆದಮೇಲೆ ರೀಮರ್ ಹಾಕಬೇಕು, ಇಲ್ಲವೆ ಬೋರಿಂಗ್ ಮಾಡಬೇಕು, ಆಮೇಲೆ ಪ್ಲಗ್ ಗೇಜ್ ತೂರಿಸಿ ನೋಡಬೇಕು. ಗೇಜಿನ ಒಂದು ತುದಿ ಒಳಗೆ ಹೋಗಬೇಕು, ಇನ್ನೊಂದು ಹೋಗಕೂಡದು. ಉಕ್ಕಿನ ತುಂಡನ್ನು ಕೊರೆದ ಬಿಸಿಯಲ್ಲೇ ಅಳೆದರೆ ಅದೂ ಕಷ್ಟ. ಗೇಜಿಗಿಂತ ಇಪ್ಪತ್ತು ಡಿಗ್ರಿ ಬಿಸಿಯಿದ್ದರೆ ಆರು ಮೈಕ್ರಾನಿನಷ್ಟು ವ್ಯತ್ಯಾಸ ಅಲ್ಲೇ ಬರುತ್ತದೆ. ಆರುವವರೆಗೂ ಕಾಯಬೇಕು. ಕಾದಷ್ಟು ಹೊತ್ತು ಕೆಲಸ ಹಿಂದೆ ಬೀಳುತ್ತದೆ.

ಭೋಸರಿಯ ಒಂದು ಸಣ್ಣ ವರ್ಕ್‌ಶಾಪಿಗೆ ಮಾಲು ತಪಾಸಣೆ ಮಾಡಲು ಹೋಗಿದ್ದೆ. ಬೇರೆ ಯಾರೋ ಮಾಡಿದ ಹಳೆಯ ಡ್ರಾಯಿಂಗು, ಒಂದು ಬ್ರಾಕೆಟ್ಟಿನದು. ಆ ಲಾಟಿನ ಹನ್ನೊಂದು ತುಂಡು ಗೇಜಿನಲ್ಲಿ ಫೇಲಾಗಿದ್ದವು. ಮಾಲೀಕರ ಜೊತೆ ಹರಕು ಮುರುಕು ಮರಾಠಿಯಲ್ಲಿ ಮಾತಾಡುತ್ತಿದ್ದಾಗ ನನ್ನ ಉಚ್ಚಾರ ಕೇಳಿಯೇ ಗುರುತು ಹಿಡಿದಿರಬೇಕು, ಯಂತ್ರದ ಮುಂದಿದ್ದವರು ಹತ್ತಿರ ಬಂದರು. ಬಾಗಲಕೋಟೆ ಕಡೆಯವರು.

"ಸರ, ಒಂದ್ ಮಾತ ಕೇಳ್ತೀನ್ರಿ. ಈ ತೂತಿನ್ಯಾಗ ಏನ್ ಕೂಡತೈತ್ರಿ?"

"ಏನೂ ಕೂರಲ್ಲಪ್ಪ. ವೈರು ಹಾದುಹೋಗುತ್ತೆ, ಅಷ್ಟೆ."

"ಮತ್ತ ಇಷ್ಟ್ ಬಿಗಿ ಯಾಕ ಕೊಟ್ಟಾರ್ರಿ?"

ನನ್ನಲ್ಲಿ ಉತ್ತರ ಇರಲಿಲ್ಲ. ಆ ಹನ್ನೊಂದು ತುಂಡಿನ ದುಡ್ಡು ಅವರ ಪಗಾರದಲ್ಲಿ ಮುರಿಯುವುದಿತ್ತು. ನಮ್ಮ ಡಿಸೈನ್ ವಿಭಾಗಕ್ಕೆ ಬರೆದೆ. 'ಅಪ್ರೂವ್ ಆಗಿರೋ ಡ್ರಾಯಿಂಗು, ಈಗ್ಯಾಕೆ ಮುಟ್ಟೋದು? ಬಿಗಿ ಇದ್ದರೆ ಸೇಫು' ಎಂಬ ಉತ್ತರ ಬಂತು.

ಈ 'ಬಿಗಿ ಇದ್ದರೆ ಸೇಫು' ಎಂಬ ಮಾತನ್ನೇ ಬಿಡಿಸಿ ನೋಡಬೇಕು. ಬೋರ್ಡಿನ ಮೇಲೆ ಹಾಳೆ ಅಂಟಿಸಿ ಬರೆಯುತ್ತಿದ್ದ ಕಾಲದಲ್ಲಿ ಪ್ರತಿ ಅಂಕಿಯನ್ನೂ ಕೈಯಾರೆ ಬರೆಯಬೇಕಿತ್ತು, ತಪ್ಪಿದರೆ ಬ್ಲೇಡಿನಿಂದ ಕೆರೆಯಬೇಕಿತ್ತು. ಆ ಕಷ್ಟದಲ್ಲಿ ಒಂದು ಕ್ಷಣದ ಯೋಚನೆಗೆ ಜಾಗವಿತ್ತು. ಕ್ಯಾಡ್ ಬಂದಮೇಲೆ ಹಳೆಯ ಫೈಲು ಕಾಪಿ ಮಾಡಿದರೆ ಅದರ ಟಾಲರೆನ್ಸೂ ಜೊತೆಗೇ ಬರುತ್ತದೆ. ದಶಾಂಶದ ಮುಂದೆ ಎಷ್ಟು ಸೊನ್ನೆ ಬೇಕೆಂದು ಸೆಟ್ಟಿಂಗಿನಲ್ಲಿ ಹೇಳಿದರೆ ಅಷ್ಟನ್ನೂ ಅದು ತೋರಿಸುತ್ತದೆ. ತಪ್ಪು ಸಾಫ್ಟ್‌ವೇರಿನದಲ್ಲ. ಅದು ಕೇಳಿದ್ದನ್ನು ಕೊಡುತ್ತದೆ, ಯಾಕೆ ಬೇಕು ಎಂದು ಮಾತ್ರ ಕೇಳುವುದಿಲ್ಲ.

ಹಾಗಂತ ಎಲ್ಲವನ್ನೂ ಸಡಿಲ ಬಿಡುವುದು ದಯೆಯೂ ಅಲ್ಲ. ಬ್ರೇಕಿನ ಭಾಗದಲ್ಲಿ 'ಪಾಪ, ಹೋಗಲಿ ಬಿಡು' ಅಂದರೆ ರಸ್ತೆಯಲ್ಲಿ ಯಾರದೋ ಜೀವ ಹೋದೀತು. ಅಲ್ಲಿ ಹನ್ನೊಂದಲ್ಲ, ನೂರಾಹನ್ನೊಂದು ತುಂಡಾದರೂ ಗುಜರಿಗೆ ಹಾಕಲೇಬೇಕು. ಹಾಗಾಗಿ ಬಿಗಿಯೋ ಸಡಿಲವೋ ಎಂಬುದಕ್ಕಿಂತ, ಬರೆದ ಅಂಕಿಗೆ ಕಾರಣ ಇದೆಯೋ ಇಲ್ಲವೋ ಎಂದು ಕೇಳಬೇಕು ಅನ್ನಿಸುತ್ತದೆ. ಕಾರಣವಿದ್ದರೆ ಅದು ಎಚ್ಚರಿಕೆ. ಕಾರಣವಿಲ್ಲದಿದ್ದರೆ ಅದು ಬರೆದವನ ಹೆದರಿಕೆ. ಹೆದರುವುದು ತಪ್ಪಲ್ಲ. ಆದರೆ ನನ್ನ ಹೆದರಿಕೆಯ ಬಿಲ್ಲನ್ನು ಇನ್ನೊಬ್ಬರ ಪಗಾರಕ್ಕೆ ಕಳಿಸುವ ಹಕ್ಕು ನನಗಿಲ್ಲ.

ಪರ ಊರಲ್ಲಿರುವವರಿಗೆ ಈ ಹೆದರಿಕೆಯ ಪರಿಚಯ ಚೆನ್ನಾಗಿರುತ್ತದೆ. ಬಾಡಿಗೆ ಒಂದು ದಿನ ತಡವಾಗಬಾರದು, ಮಕ್ಕಳು ಮೆಟ್ಟಿಲ ಮೇಲೆ ಗಲಾಟೆ ಮಾಡಬಾರದು, ಮರಾಠಿಯಲ್ಲಿ ಲಿಂಗ ತಪ್ಪಬಾರದು. ಒಬ್ಬ ಎಡವಿದರೆ 'ಇವರೆಲ್ಲ ಹೀಗೇ' ಎನ್ನುತ್ತಾರೆಂದು ನಮಗೆ ನಾವೇ ಎಚ್7 ಹಾಕಿಕೊಂಡು ಬದುಕುತ್ತೇವೆ. ಆ ಬಿಗಿಯನ್ನು ನಮ್ಮ ಮೇಲೆ ಹೇರಿಕೊಂಡರೆ ನಮ್ಮಿಷ್ಟ. ಕೈಕೆಳಗಿನವರಿಗೂ ಮಕ್ಕಳಿಗೂ ಅದನ್ನೇ ದಾಟಿಸುವಾಗ ಮಾತ್ರ, ಅಲ್ಲಿ ಏನು ಕೂರಬೇಕಾಗಿದೆ ಎಂದು ಒಮ್ಮೆ ಕೇಳಿಕೊಳ್ಳಬೇಕು.

ಇನ್ನೊಂದು ಮಾತು. ಬಾಗಲಕೋಟೆಯವರು ನನ್ನನ್ನು ಕೇಳಿದ್ದು ನಾನು ಕನ್ನಡದವನು ಎಂಬ ಸಲಿಗೆಯಿಂದ. ಪಕ್ಕದ ಯಂತ್ರದಲ್ಲಿ ಬಿಹಾರದ ಹುಡುಗನೊಬ್ಬನಿದ್ದ. ಅವನ ಮನಸ್ಸಿನಲ್ಲೂ ಅದೇ ಪ್ರಶ್ನೆ ಇದ್ದಿರಬಹುದು, ಕೇಳಲು ಅವನಿಗೆ ಊರವರು ಸಿಗಲಿಲ್ಲ. ಡ್ರಾಯಿಂಗು ಮೇಲಿನಿಂದ ಕೆಳಗೆ ಇಳಿಯುತ್ತದೆ, ಪ್ರಶ್ನೆ ಕೆಳಗಿನಿಂದ ಮೇಲೆ ಹತ್ತಲು ದಾರಿಯಿಲ್ಲ. ಇಬ್ಬರ ತಾಯ್ನುಡಿ ಒಂದೇ ಆಗಿರುವ ಆಕಸ್ಮಿಕದ ಮೇಲೆ ನ್ಯಾಯ ನಿಲ್ಲಬಾರದಲ್ಲ?

ಈಗ ನನ್ನ ಡ್ರಾಯಿಂಗಿನಲ್ಲಿ ಬಿಗಿಯಾದ ಅಂಕಿ ಬಂದ ಕಡೆಯೆಲ್ಲ ಅಲ್ಲಿ ಏನು ಕೂರುತ್ತದೆ ಎಂದು ಒಂದು ಸಾಲು ಟಿಪ್ಪಣಿ ಹಾಕುತ್ತೇನೆ. ಬರೆಯಲು ಏನೂ ಹೊಳೆಯದಿದ್ದರೆ ಅಂಕಿಯನ್ನೇ ಸಡಿಲಿಸುತ್ತೇನೆ. ಚೆಕಿಂಗ್ ಮಾಡುವವರು 'ಹಾಳೆ ತುಂಬಿಸ್ತೀರಿ' ಎಂದು ಗೊಣಗುತ್ತಾರೆ, ಕೆಲವು ಸಲ ಅಳಿಸಿಯೂ ಹಾಕುತ್ತಾರೆ. ಮುಂದಿನ ಹಾಳೆಯಲ್ಲಿ ಮತ್ತೆ ಬರೆಯುತ್ತೇನೆ.