ಕಾಯದಾಸೋಹ

ದಾಸೋಹವೆಂದರೆ ಕೊಡುವುದಷ್ಟೇ ಅಲ್ಲ, ಕೊಟ್ಟೆನೆಂಬ ಭಾವವನ್ನೂ ಕಳೆದುಕೊಳ್ಳುವುದು. ಇದನ್ನೊಪ್ಪಿದ ಸದ್ಭಕ್ತರಿಗೂ ತೀವ್ರ ನಿಗಾ ಘಟಕದ ಬಾಗಿಲಲ್ಲಿ ಒಂದು ಪ್ರಶ್ನೆ ಕಠಿನವಾಗುತ್ತದೆ: ಮಿದುಳು ಸತ್ತಿದೆಯೆಂದು ವೈದ್ಯರು ಹೇಳಿದ ಬಂಧುವಿನ ಅಂಗಗಳನ್ನು ಅನ್ಯರಿಗೆ ಕೊಡಬಹುದೆ?

ಮೊದಲ ಶಂಕೆ ಮರಣವನ್ನೇ ಕುರಿತದ್ದು. ಎದೆ ಏರಿಳಿಯುತ್ತಿದೆ, ಮೈ ಬೆಚ್ಚಗಿದೆ, ಅಳಿದನೆಂದು ನಂಬುವುದೆಂತು? ಆದರೆ ಉಸಿರಿನ ಪ್ರೇರಣೆಯಿರುವುದು ಮಿದುಳಿನ ಕಾಂಡದಲ್ಲಿ. ಅದು ನಾಶವಾದ ಬಳಿಕ ಉಸಿರು ಯಂತ್ರದ್ದೇ ಹೊರತು ಆತನದಲ್ಲ. ನಮ್ಮ ದೇಶದ 1994ರ ಕಾಯಿದೆಯಂತೆ ನಾಲ್ವರು ವೈದ್ಯರು ಕನಿಷ್ಠ 6 ಗಂಟೆಗಳ ಅಂತರದಲ್ಲಿ ಎರಡು ಬಾರಿ ಪರೀಕ್ಷಿಸಬೇಕು. ಯಂತ್ರವನ್ನು ಬಿಡಿಸಿ, ರಕ್ತದಲ್ಲಿ ಇಂಗಾಲಾಮ್ಲ ಹೆಚ್ಚಿದರೂ ಉಸಿರು ಹುಟ್ಟದುದನ್ನು ಕಾಣಬೇಕು. ಅಂಗಗಳನ್ನು ಕಸಿ ಮಾಡುವವರು ಆ ನಾಲ್ವರಲ್ಲಿ ಇರಕೂಡದು. ಮರಣನಿರ್ಣಯ ಮೊದಲು, ಯಾಚನೆ ಅನಂತರ.

ಎರಡನೆಯ ಶಂಕೆ ನಮ್ಮ ಆಚಾರವನ್ನು ಕುರಿತದ್ದು. ಲಿಂಗವನ್ನು ಧರಿಸಿದ ಕಾಯವು ಪ್ರಸಾದಕಾಯ. ಅದನ್ನು ಊನಗೊಳಿಸಿ ಸಮಾಧಿಗೊಪ್ಪಿಸುವುದು ತರವೆ? ಪ್ರಸಾದವು ಕೂಡಿಡುವ ವಸ್ತುವಲ್ಲ, ಹಂಚಿ ಸಲ್ಲಿಸುವ ವಸ್ತು. ಶಸ್ತ್ರವೈದ್ಯರು ಗಾಯವನ್ನು ಹೊಲಿದು ದೇಹವನ್ನು ಮನೆಯವರಿಗೊಪ್ಪಿಸುತ್ತಾರೆ, ಕ್ರಿಯೆಗಳಾವುವೂ ನಿಲ್ಲುವುದಿಲ್ಲ. 2021ರ ಜೂನ್ ತಿಂಗಳಲ್ಲಿ ಅಪಘಾತದಿಂದ ಮಿದುಳು ಮೃತವಾದ ನಟ ಸಂಚಾರಿ ವಿಜಯ್ ಅವರ ಅಂಗಗಳನ್ನು ಬೆಂಗಳೂರಿನಲ್ಲಿ ದಾನ ಮಾಡಿದ ಬಳಿಕವೇ ಕಡೂರು ತಾಲ್ಲೂಕಿನ ಪಂಚನಹಳ್ಳಿಯಲ್ಲಿ ಅವರ ಅಂತ್ಯಕ್ರಿಯೆ ನಡೆಯಿತು.

ಮೂರನೆಯದೇ ನಿಜವಾಗಿ ಕಠಿನವಾದುದು: ಇಲ್ಲಿ ಕೊಡುವವರಾರು? ಅಳಿದವನು ಮಾತನಾಡಲಾರ; ಉಳಿದವರಿಗೆ ಆ ಕಾಯವು ಸ್ವಂತವಲ್ಲ. ತನ್ನದಲ್ಲದುದನ್ನು ಕೊಡುವುದು ದಾಸೋಹವಾಗದು. ಆದುದರಿಂದ ಮನೆಯವರು ತಮಗೆ ಬೇಕಾದುದನ್ನು ವಿಚಾರಿಸದೆ, ಆತನು ಬಲ್ಲ ಬಾಳಿನಲ್ಲಿ ಏನನ್ನು ಬಯಸುತ್ತಿದ್ದನೆಂಬುದನ್ನು ವಿಚಾರಿಸಬೇಕು. ಅವರು ದಾತರಲ್ಲ, ಆತನ ಮಾತನ್ನು ಸಲ್ಲಿಸುವವರು. ಮನವೊಪ್ಪದೆ ಒಲ್ಲೆನೆಂದವರನ್ನು ನಿಂದಿಸುವುದೂ ಸಲ್ಲದು. ಬಲವಂತದಿಂದ ಬಂದುದು ಅರ್ಪಿತವಲ್ಲ. ಹಣಕ್ಕೆ ಕೊಡುವುದನ್ನಂತೂ ಕಾಯಿದೆಯೇ ಅಪರಾಧವೆಂದಿದೆ.

ಕೊಟ್ಟವರ ಹೆಸರನ್ನು ಪಡೆದವರಿಗೆ ತಿಳಿಸದಿರುವುದು ವೈದ್ಯರ ಪದ್ಧತಿ. ಅಳಿದವನಿಗೆ ಕೊಟ್ಟೆನೆಂಬ ಅಹಂಕಾರವಿಲ್ಲ. ಪಡೆದವನಿಗೆ ಇಂಥವರಿಂದ ಪಡೆದೆನೆಂಬ ದೈನ್ಯವಿಲ್ಲ. ಕುಲವನ್ನು ಕೇಳದೆ ಒಬ್ಬರ ಮೂತ್ರಪಿಂಡವು ಇನ್ನೊಬ್ಬರ ರಕ್ತವನ್ನು ಶುದ್ಧಿಗೊಳಿಸುತ್ತದೆ.

ಬರೆದಿಟ್ಟಿದ್ದರೂ ಮನೆಯವರ ಸಮ್ಮತಿಯನ್ನು ಕೇಳುವುದೇ ಆಸ್ಪತ್ರೆಗಳ ರೂಢಿ. ಹೃದಯವು ದೇಹದಿಂದ ಹೊರಬಂದ ಮೇಲೆ ಸುಮಾರು 4 ಗಂಟೆ ಮಾತ್ರ ಕಸಿಗೆ ಯೋಗ್ಯ. ಶೋಕದ ಆ ಗಳಿಗೆ ದೀರ್ಘ ವಿಚಾರಕ್ಕೆ ಎಡೆಗೊಡದು. ಗೃಹಸ್ಥನು ಆರೋಗ್ಯವಾಗಿರುವಾಗಲೇ, ಪೂಜೆ ಮುಗಿಸಿ ಮನೆಮಂದಿಯೊಡನೆ ಕುಳಿತ ಹೊತ್ತಿನಲ್ಲಿ, ತನ್ನ ಇಷ್ಟವು ಹೌದೋ ಅಲ್ಲವೋ ಎಂಬುದನ್ನು ಸ್ಪಷ್ಟವಾಗಿ ಹೇಳಿಡತಕ್ಕದ್ದು. ಆ ಒಂದು ಮಾತಿನಿಂದ ಮಡದಿ ಮಕ್ಕಳ ಮೇಲಿನ ಹೊರೆ ಇಳಿಯುತ್ತದೆ.